ರೇಡಿಯೇಟರಿನ ಗಾಳಿ ತೆಗೆದ ದಿನ

ನನ್ನ ಗಂಡ ಕಾರಿನ ರೇಡಿಯೇಟರಿನಿಂದ ಗಾಳಿ ತೆಗೆಯಲು ನಿಂತ ದಿನ ನನಗೆ ಅಡುಗೆಮನೆಯಿಂದ ಬಿಡುಗಡೆ ಸಿಗುತ್ತಿತ್ತು, ಸುಖ ಮಾತ್ರ ಸಿಗುತ್ತಿರಲಿಲ್ಲ. ಆ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಬಾನೆಟ್ ಎತ್ತಿ ಮುಂದೆ ನಿಂತು ನೀರು ನೋಡಬೇಕು, ಇನ್ನೊಬ್ಬರು ಒಳಗೆ ಕೂತು ಹೇಳಿದಾಗ ಎಕ್ಸಲರೇಟರ್ ಒತ್ತಬೇಕು. ಒಳಗೆ ಕೂರುವವಳು ನಾನು. ಎಂಜಿನ್ನಿನ ಬಿಸಿನೀರು ಹೀಟರಿನ ಕೊಳವೆಯಲ್ಲೂ ಹರಿದು ಅಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೊರಗೆ ತಳ್ಳಬೇಕಂತೆ. ಅದಕ್ಕೆ ಹೀಟರನ್ನು ಪೂರ್ತಿ ತಿರುಗಿಸಬೇಕು. ಹೈದರಾಬಾದಿನ ಮೇ ತಿಂಗಳಲ್ಲಿ ಹೀಟರು! ತಾರ್ನಾಕದ ನಮ್ಮ ಓಣಿಯಲ್ಲಿ ಹೋಗುವವರು, ಈ ಹೆಂಗಸು ಕಾರಿನೊಳಗೆ ಕೂತು ಯಾಕೆ ಬೇಯುತ್ತಿದ್ದಾಳೆ ಎಂದು ಇಣುಕಿ ನೋಡುತ್ತಿದ್ದರು.

ಎತ್ತಿದ ಬಾನೆಟ್ಟಿನ ಹಿಂದೆ ಅವರು ಕಾಣುತ್ತಿರಲಿಲ್ಲ. ದನಿ ಮಾತ್ರ ಬರುತ್ತಿತ್ತು.

"ಒತ್ತ... ಒತ್ತ... ಬಿಡ. ಬಿಸಿ ಗಾಳಿ ಬರಾಕತ್ತೈತೇನ?"

"ಇಲ್ರಿ, ಇನ್ನೂ ತಣ್ಣಗ ಐತಿ."

"ಹಂಗಾದ್ರ ಒಳಗ ಇನ್ನೂ ಗಾಳಿ ಸಿಕ್ಕೊಂಡೈತಿ. ಒತ್ತ."

ಬಾಲಾನಗರದ ಕಾರ್ಖಾನೆಯಲ್ಲಿ ದಿನವೆಲ್ಲ ತೆಲುಗು, ಹಿಂದಿ ಆಡಿ ಬರುವ ಅವರು ಮನೆಯಲ್ಲಿ ಹೆಚ್ಚು ಮಾತಿನವರಲ್ಲ. ಆ ಒಂದು ಗಂಟೆ ಮಾತ್ರ ಬಾಯಿಗೆ ಬಿಡುವಿರುತ್ತಿರಲಿಲ್ಲ.

ಅವರು ತೀರಿಕೊಂಡ ಮೇಲೆ ಕಾರು ಅಂಗಳದಲ್ಲೇ ನಿಂತಿತು. ನಮಗೆ ಮಕ್ಕಳಿಲ್ಲ, ನನಗೆ ಓಡಿಸಲು ಬರುವುದಿಲ್ಲ. ಹಾಲಿನವನ ಜೊತೆ ತೆಲುಗು, ತರಕಾರಿಯವಳ ಜೊತೆ ಹಿಂದಿ. ಕೆಲವು ದಿನ ಹಾಸಿಗೆ ಹಾಸುವಾಗ, ಇವತ್ತು ಕನ್ನಡದ ಒಂದು ಮಾತೂ ಬಾಯಿಂದ ಹೊರಬಿದ್ದಿಲ್ಲ ಎಂದು ಹೊಳೆದು ಅಳು ಬರುತ್ತಿತ್ತು. ಕಾರು ಮಾರಲೇಬೇಕಿತ್ತು. ಆದರೆ ಓಡಿಸುವವರಿಗೇ ಕೊಡುತ್ತೇನೆ, ಗುಜರಿಗೆ ಕೊಡುವುದಿಲ್ಲ ಎಂದು ಹಟ ಹಿಡಿದಿದ್ದೆ. ಅವರು ಅಷ್ಟು ಜೋಪಾನ ಮಾಡಿದ ಗಾಡಿಯನ್ನು ಯಾರೋ ಸುತ್ತಿಗೆಯಿಂದ ಬಡಿದು ಬಿಚ್ಚುವುದನ್ನು ನೆನೆಯಲೂ ಆಗುತ್ತಿರಲಿಲ್ಲ.

ಕೊನೆಗೆ ನಾಚಾರಂನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಒಬ್ಬ ತರುಣ ಒಪ್ಪಿದ. ಬಹಳ ದಿನ ನಿಂತ ಗಾಡಿಯಾದ್ದರಿಂದ ನೀರಿನ ಪೈಪು ಒಡೆದಿತ್ತು. ಹಿಂದಿನ ದಿನವಷ್ಟೇ ಮೆಕ್ಯಾನಿಕ್ಕನನ್ನು ಕರೆಸಿ ಹೊಸದು ಹಾಕಿಸಿ, ನೀರು ತುಂಬಿಸಿದ್ದೆ. ತರುಣ ಒಂದು ಸುತ್ತು ಓಡಿಸಿ ನೋಡುತ್ತೇನೆಂದು ಹೋದವನು ಬಾನೆಟ್ಟಿನಿಂದ ಹಬೆ ಏಳಿಸಿಕೊಂಡು ಬಂದು, ಗೇಟಿನ ಏರಿನಲ್ಲೇ ನಿಲ್ಲಿಸಿದ.

"ಇಂಜನ್ ಪೋಯಿಂದಿ ಆಂಟೀ," ಎಂದ. ಎಂಜಿನ್ ಹೋಯಿತು, ಇದಿನ್ನು ಗುಜರಿಗೇ ಸರಿ, ಪರಿಚಯದವನಿಗೆ ಫೋನ್ ಮಾಡಲೇ ಎಂದೂ ಕೇಳಿದ. ಪಾಪ, ಉಪಕಾರ ಮಾಡುವ ದನಿಯಲ್ಲೇ ಕೇಳಿದ.

ನನಗೆ ಸಿಟ್ಟು ನೆತ್ತಿಗೇರಿತು. ಎಂಜಿನ್ ಇನ್ನೂ ಆರಿರಲಿಲ್ಲ. ಕಿಟಕಿಯಿಂದ ಕೈ ಹಾಕಿ ಹೀಟರು ತಿರುಗಿಸಿದೆ. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿದೆ, ಬರುವ ಗಾಳಿ ಮಾತ್ರ ತಣ್ಣಗೆ! ವರ್ಷಗಟ್ಟಲೆ ಆ ಸೀಟಿನಲ್ಲಿ ಬೆಂದವಳಿಗೆ ಇಷ್ಟೂ ತಿಳಿಯದೇ? ಮೆಕ್ಯಾನಿಕ್ ನೀರು ತುಂಬಿದ್ದ, ಗಾಳಿ ತೆಗೆದಿರಲಿಲ್ಲ.

ತರುಣ ಆಗಲೇ ಬಾನೆಟ್ ಎತ್ತಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಹೋದ. ಮುಖ ಸುಟ್ಟುಕೊಳ್ಳುತ್ತೀಯಾ ಎಂದು ಗದರಿ, ಎಂಜಿನ್ ಆರಿಸಿ, ತಣ್ಣಗಾಗುವವರೆಗೆ ವರಾಂಡದಲ್ಲಿ ಕೂರಿಸಿ ಚಹಾ ಕೊಟ್ಟೆ. ಅವನು ಕೇಳದಿದ್ದರೂ ಏನೇನೋ ಮಾತಾಡಿದೆ.

ಆಮೇಲೆ ಅವನನ್ನು ಒಳಗೆ ಕೂರಿಸಿ, ನಾನು ಮುಚ್ಚಳ ತೆಗೆದು ನೀರು ತುಂಬಿ, ಎಂಜಿನ್ ಶುರು ಮಾಡಿಸಿದೆ. ಏರಿನಲ್ಲಿ ಕಾರಿನ ಮೂತಿ ಮೇಲಾಗಿದ್ದುದು ಒಳ್ಳೆಯದೇ ಆಯಿತು, ಗಾಳಿ ಮೇಲಕ್ಕೇ ಬರಬೇಕಲ್ಲ. ಇಷ್ಟು ವರ್ಷ ಅವರು ಬಾನೆಟ್ಟಿನ ಹಿಂದೆ ಏನು ನೋಡುತ್ತಿದ್ದರೆಂಬುದನ್ನು ಅಂದು ಮೊದಲ ಸಲ ಕಂಡೆ. ಎಸರು ಕಾಯುವಾಗಿನಂತೆ ಸಣ್ಣ ಗುಳ್ಳೆಗಳು, ನಡುವೆ ಒಂದು ದೊಡ್ಡದು, ಕೂಡಲೇ ನೀರು ಗುಳಕ್ಕನೆ ಕೆಳಗಿಳಿಯುವುದು. ಮತ್ತೆ ಹೊಯ್ಯಬೇಕು.

"ಒತ್ತ!" ಎಂದು ಕೂಗಿದೆ. ಅವನು ಒತ್ತಿದ. "ಬಿಡ!" ಬಿಟ್ಟ. ಕನ್ನಡದಲ್ಲಿ ಕೂಗುತ್ತಿದ್ದೇನೆಂಬುದು ನನಗೂ ಹೊಳೆಯಲಿಲ್ಲ, ಅವನೂ ಏನೆಂದು ಕೇಳಲಿಲ್ಲ. "ಬಿಸಿ ಬಂತೇನ?" ಎಂದರೆ, "ವಸ್ತೋಂದಿ ಆಂಟೀ, ವೇಡಿಗಾ ವಸ್ತೋಂದಿ," ಬಿಸಿಯಾಗೇ ಬರುತ್ತಿದೆ ಎಂದ.

ಗುಳ್ಳೆ ನಿಂತವು. ಮುಚ್ಚಳ ಹಾಕಬೇಕಿತ್ತು. ಹಾಕಲಿಲ್ಲ. ಸುಮ್ಮನೆ ಇನ್ನೂ ಎರಡು ಸಲ ಒತ್ತ, ಬಿಡ ಎಂದೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಗುಜರಿಯವನು ಬರುವವರೆಗಾದರೂ ಕಾರು ಇಲ್ಲೇ ಇರುತ್ತಿತ್ತು ಎನ್ನುವುದು ಆಗ ಹೊಳೆಯಿತು.

ಅವನು ಮತ್ತೆ ಒಂದು ಸುತ್ತು ಹೋಗಿಬಂದ. ಮುಳ್ಳು ಅರ್ಧದಿಂದ ಕದಲಿರಲಿಲ್ಲ. ಅಂದೇ ಒಯ್ದುಬಿಟ್ಟ. ಹೊರಡುವಾಗ, ಮತ್ತೆ ಬಿಸಿಯಾದರೆ ನಿಮಗೆ ಫೋನ್ ಮಾಡಬಹುದೇ ಎಂದು ಕೇಳಿದ. ಯಾವಾಗ ಬೇಕಾದರೂ ಮಾಡು, ಇಲ್ಲಿಗೇ ತಂದುಬಿಡು ಎಂದು ನಂಬರನ್ನು ಎರಡೆರಡು ಸಲ ಹೇಳಿದೆ.

ಆ ಬೇಸಿಗೆ ಕಳೆಯಿತು, ಫೋನ್ ಬರಲಿಲ್ಲ. ಮುಂದಿನ ಬೇಸಿಗೆಯೂ ಬರಲಿಲ್ಲ. ಗಾಳಿಯನ್ನು ಅಷ್ಟು ಚೆನ್ನಾಗಿ ತೆಗೆದುಬಿಟ್ಟಿದ್ದೆ.