ಕಲ್ಯಾಣ ಮಂಟಪದ ಮೆಟ್ಟಿಲ ಮೇಲೆ ಹೂಡಿದ ಒಲೆ

ಮಾವಶಿಯ ಬಲ ಅಂಗೈಯಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ. ಮೂವತ್ತು ವರ್ಷ ಜೋಳದ ರೊಟ್ಟಿ ಬಡಿದು, ಕಾದ ಹಂಚಿನ ಮೇಲೆ ತಿರುವಿ ಹಾಕಿ, ತೊಗಲು ನುಣ್ಣಗಾಗಿಬಿಟ್ಟಿತ್ತು. ನಿಪ್ಪಾಣಿ ರಸ್ತೆಯ ಮೇಲಿನ ನಮ್ಮೂರಲ್ಲಿ ಆಕೆಯದೊಂದು ಸಣ್ಣ ಖಾನಾವಳಿ. ತಂಬಾಕಿನ ವಖಾರಿಯ ಹಮಾಲರು, ಬೀಡಿ ಕಟ್ಟುವವರು, ಪಂಚಾಯತಿಯ ಬಿಲ್ ಕಲೆಕ್ಟರನಾಗಿದ್ದ ನಾನು, ಎಲ್ಲರೂ ಅಲ್ಲೇ ಉಣ್ಣುತ್ತಿದ್ದೆವು. ನಮ್ಮ ಕಡೆ ತಾಯಿಯ ತಂಗಿಗೆ ಮಾವಶಿ ಅಂತಾರೆ. ಆಕೆ ಊರಿಗೆಲ್ಲ ಮಾವಶಿ. ಪಗಾರ ತಡವಾದ ತಿಂಗಳು "ಮೊದಲ ಉಣ್ಣೋ ತಮ್ಮಾ" ಎಂದು ತಾಟು ಮುಂದಿಡುತ್ತಿದ್ದಳು. ದಿನದ ಮೊದಲ ರೊಟ್ಟಿ ಮಠಕ್ಕೆ ಹೋಗದೆ ಯಾರಿಗೂ ಬಡಿಸುತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆಗೆ ಅದೇ ಮಠ ಆಕೆಯ ಖಾನಾವಳಿಯ ಎದುರಿಗೇ ಕಲ್ಯಾಣ ಮಂಟಪ ಕಟ್ಟಿಸಿತು. ಕೆಳಗೆ ಅಂಗಡಿಗಳ ಸಾಲು. ಮೂಲೆಯಲ್ಲಿ ಮಠದ ವ್ಯವಸ್ಥಾಪಕರ ಭಾವಮೈದುನನ ಹೋಟೆಲ್ಲು. ಮದುವೆಗೂ ಬಾಡಿಗೆ, ಅಂಗಡಿಗೂ ಬಾಡಿಗೆ. ಊರಿನ ನೀರು, ಗಟಾರ, ಬೀದಿ ದೀಪ ಎಲ್ಲ ಬೇಕು. ಮನೆ ಕರ, ನಮ್ಮವರು ಘರಪಟ್ಟಿ ಅನ್ನುವುದು, ಮಾತ್ರ ಇಲ್ಲ. ಪಂಚಾಯತಿಯ ಪುಸ್ತಕದಲ್ಲಿ ಅದು 'ಧರ್ಮದ ಕಟ್ಟಡ'. ಮೇಲಿನವರು ಹಾಗೆ ಬರೆ ಅಂದರು, ನಾನೇ ಬರೆದೆ.

ಗಿರಾಕಿ ಎದುರಿನ ಹೋಟೆಲ್ಲಿಗೆ ಹೋದರು. ಮಾವಶಿಯ ಘರಪಟ್ಟಿ ಎರಡು ವರ್ಷ ಬಾಕಿ ಬಿತ್ತು. ಜಪ್ತಿಗೆ ಹೋದವನೂ ನಾನೇ. ಆಕೆ ಅಳಲಿಲ್ಲ. ಎರಡು ತಾಮ್ರದ ಹಂಡೆ ಹೊರಗಿಟ್ಟು, "ಒಯ್ರಿ, ಸಾಹೇಬ್ರ" ಅಂದಳು. ಆಕೆಯ ಕೈಯಲ್ಲಿ ಉಂಡ ಆರು ವರ್ಷದಲ್ಲಿ ಮೊದಲ ಸಲ ನಾನು ತಮ್ಮ ಆಗಿರಲಿಲ್ಲ.

ಮರುದಿನ ಮುಂಜಾನೆ ಗದ್ದಲ ಕೇಳಿ ಓಡಿದೆ. ಕಲ್ಯಾಣ ಮಂಟಪದ ಮೆಟ್ಟಿಲ ಮೇಲೆ ಮೂರು ಕಲ್ಲು ಹೂಡಿ, ಬೆಂಕಿ ಹಚ್ಚಿ, ಮಾವಶಿ ರೊಟ್ಟಿ ಬಡಿಯುತ್ತಿದ್ದಳು. ಹಮಾಲರು ಅಲ್ಲೇ ಕೂತು ಉಣ್ಣುತ್ತಿದ್ದರು.

"ಏನ್ ನಡಿಸೀಬೇ? ಇದು ಧರ್ಮದ ಜಾಗಾ!" ವ್ಯವಸ್ಥಾಪಕರು ಕೂಗಿದರು.

"ಅದಕ್ಕ ಬಂದೇನ್ರಿ. ಇಲ್ಲಿ ಘರಪಟ್ಟಿ ಇಲ್ಲಂತಲ್ಲ," ಎಂದಳು ತಲೆ ಎತ್ತದೆ. "ನಿಮ್ಮ ಹೆಂಡ್ತಿ ತಮ್ಮ ಚಹಾ ಕಾಸಿದ್ರ ಧರ್ಮ, ನಾ ರೊಟ್ಟಿ ಸುಟ್ರ ಧಂದೆ?"

"ಮಠದ ಬಗ್ಗೆ ಮಾತಾಡ್ತಿ? ನಾಲಿಗಿ ಬಿದ್ದು ಹೋದೀತು!"

"ದೇವ್ರಿಗೆ ನಾ ದಿನಾ ಕೊಟ್ಟೇನಿ, ಖುಷೀಲೆ. ದೇವ್ರ ಹೆಸರೀಲೆ ಬಾಡಿಗಿ ತಿನ್ನಾವ್ರ ಪಾಲಿನ ಪಟ್ಟಿನೂ ನಾನ ತುಂಬಬೇಕೇನು?"

ವ್ಯವಸ್ಥಾಪಕರು ಕೊಡ ನೀರು ತಂದು ಒಲೆಯ ಮೇಲೆ ಸುರಿದರು. ಬೂದಿ ಹಾರಿ ಹಿಟ್ಟಿನ ಮೇಲೆ ಬಿತ್ತು.

ಮಠದವರ ದೂರಿಗೆ ಬಂದ ಪೊಲೀಸರು ನನ್ನ ಹೇಳಿಕೆ ಕೇಳಿದರು. ಅಂಗಡಿ ಎಷ್ಟು, ಬಾಡಿಗೆ ಯಾರ ಕೈಗೆ ಎಲ್ಲ ಬರೆದುಕೊಟ್ಟೆ. ಕರ ಹಾಕಬೇಕೆಂದು ಪಂಚಾಯತಿಗೂ ಬರೆದೆ. ಕಾಗದ ಮೇಲಿನವರ ತನಕ ಹೋಗಿ ಬಂತು: ವಿನಾಯಿತಿ ಸರಿಯಾಗಿದೆ. ನನ್ನನ್ನು ವಸೂಲಿಯಿಂದ ತೆಗೆದು ನೀರಿನ ಟಾಕಿ ಕಾಯಲು ಹಚ್ಚಿದರು. ಪಂಚಾಯತಿ ಲಿಲಾವು ಕೂಗಿದಾಗ ಆ ಹಂಡೆಗಳನ್ನು ಕೊಂಡದ್ದು ಎದುರಿನ ಹೋಟೆಲ್ಲಿನವನೇ. ಆ ಮಠದ ಮುಂದೆ ನಾನು ಇಂದಿಗೂ ಕೈ ಮುಗಿಯುವುದಿಲ್ಲ.

ಮಾವಶಿ ಖಾನಾವಳಿ ಮುಚ್ಚಿ ರಾಯಬಾಗದ ತಂಗಿಯ ಮನೆ ಸೇರಿದಳು. ನಾಲ್ಕೈದು ವರ್ಷದ ಮೇಲೆ ತೀರಿಕೊಂಡ ಸುದ್ದಿ ಬಂತು. ನಾನು ಹೋಗಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಬಾಗಿಲಲ್ಲಿ ನಿಂತವನನ್ನು ತಂಗಿ ಒಳಗೆ ಕರೆದು ತಾಟು ಹಚ್ಚಿದಳು. "ಆ ಊರಿಂದ ಯಾರರ ಬಂದ್ರ ಉಪಾಸ ಕಳಸಬ್ಯಾಡ ಅಂದಿದ್ಳು ನಮ್ಮಕ್ಕ."

ಉಂಡೆ. ಕೈ ತೊಳೆಯಲು ಎದ್ದಾಗ ಕೇಳಿದಳು: "ನೀವು ಆಕಿಗೆ ಏನಾಗಬೇಕ್ರಿ?"

"ಆಕಿ ಹಂಡೆ ಜಪ್ತಿ ಮಾಡಿದಾಂವ್ರಿ," ಎಂದೆ.