ನನ್ನ ಪಾಲಿನ ಓಟ

ಅಣ್ಣನ ತಿಥಿ ಮುಗಿದ ಮೇಲೆ ಅತ್ತಿಗೆ ಮಂಚದ ಕೆಳಗಿನಿಂದ ಅವನ ಹಳೆಯ ಕ್ಯಾನ್ವಾಸ್ ಬೂಟು ತಂದು ನನ್ನ ಮುಂದಿಟ್ಟರು. ಒಣಗಿದ ಬಿಳಿ ಪಾಲಿಶಿನ ವಾಸನೆ ಇನ್ನೂ ಹೋಗಿರಲಿಲ್ಲ. ಬಲಗಾಲಿನದರೊಳಗೆ ಬೆವರಿಗೆ ಹಳದಿಯಾದ ಕಾರ್ಡು: ರಕ್ತದ ಗುಂಪು ‘ಓ’. ನೋಡಿ ನಕ್ಕುಬಿಟ್ಟೆ. ತಿಥಿಯ ಮನೆಯಲ್ಲಿ ನಗಬಾರದೆಂದು ನಿಮಗೂ ಗೊತ್ತು, ನನಗೂ ಗೊತ್ತು.

ಎಂಬತ್ತರ ಸುಮಾರಿಗೆ ನಾವಿಬ್ಬರೂ ಯಶವಂತಪುರದ ಒಂದು ಕಾರ್ಖಾನೆಯಲ್ಲಿದ್ದೆವು. ಒಮ್ಮೆ ಎಲ್ಲರ ರಕ್ತ ಪರೀಕ್ಷೆ ಮಾಡಿ ಕಾರ್ಡು ಕೊಟ್ಟರು. ಅಣ್ಣನದು ‘ಓ’, ನನ್ನದು ‘ಎ’. ಪಕ್ಕದ ಲೇತ್ ಯಂತ್ರದ ಖಾದರ್ ಸಾಬರು ಯಾವುದೋ ಪತ್ರಿಕೆ ಓದಿಕೊಂಡು ಬಂದಿದ್ದರು.

“‘ಓ’ನವ್ರಿಗೆ ಟೆನ್ಷನ್ ಮೈಯಲ್ಲೇ ಕೂತ್ಬಿಡುತ್ತೆ ಕಣ್ರೀ, ಓಡಿ ಬೆವರಿಳಿಸ್ಬೇಕು. ‘ಎ’ನವ್ರು ಓಡಿದ್ರೆ ಇನ್ನೂ ಜಾಸ್ತಿ. ಸುಮ್ನೆ ಕೂತು ಉಸಿರಾಡ್ಬೇಕು, ಅಷ್ಟೇ.”

ಈ ಶಾಸ್ತ್ರ ನನಗೆ ಬಹಳ ಹಿಡಿಸಿತು.

ಅಣ್ಣನಿಗೆ ಮೂಗಿನ ತುದಿಯಲ್ಲೇ ಕೋಪ. ಅವನು ಫೋರ್‌ಮನ್ ಜೊತೆ ಜಗಳವಾಡಿ ಬಂದ ದಿನ ಅವ್ವ ಊಟ ಬಿಡುತ್ತಿದ್ದಳು. ಅವಳ ಸಮಾಧಾನಕ್ಕೆಂದು ಓಡಲು ಬೂಟು ಕೊಂಡ. ದಿನಾ ಬೆಳಿಗ್ಗೆ ಅಟ್ಟೂರು ಕೆರೆ ಏರಿಯ ಮೇಲೆ ಹುಣಸೆಮರದವರೆಗೆ ಹೋಗಿ ಬರುವುದು. ಎಲ್ಲಾದರೂ ಬಿದ್ದರೆ ಬೇಕಾಗುತ್ತದೆಂದು ಕಾರ್ಡು ಬೂಟಿನೊಳಗೆ. ನಾನು ಏರಿಯ ಈ ತುದಿಯಲ್ಲಿ ನಿಲ್ಲಿಸಿದ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು, ಅವನು ಬಿಚ್ಚಿಕೊಟ್ಟ ಅಂಗಿ ಹಿಡಿದು, ಕಡಲೆಕಾಯಿ ತಿನ್ನುತ್ತ ಉಸಿರಾಡುತ್ತಿದ್ದೆ.

“ಒಂದ್ಸಲಾನಾದ್ರೂ ಬಾರೋ!”

“ನನ್ ರಕ್ತಕ್ಕೆ ಆಗಲ್ಲಣ್ಣ. ಸಾಬ್ರು ಹೇಳಿಲ್ವಾ?”

ಐದು ವರ್ಷ ಓಡಿದ. ಕೋಪವೇನೂ ಇಳಿಯಲಿಲ್ಲ, ಬೈಯಲು ಉಸಿರು ಸಾಲುತ್ತಿರಲಿಲ್ಲ. ಅವ್ವನಿಗೆ ಅಷ್ಟೇ ಸಾಕಾಯಿತು.

ಆಮೇಲೆ ಅವನಿಗೆ ಹೊಟ್ಟೆಯ ಆಪರೇಷನ್. ರಕ್ತ ಕೊಡಲು ಹೋದಾಗ ಇಬ್ಬರನ್ನೂ ಹೊಸದಾಗಿ ಪರೀಕ್ಷಿಸಿದರು. ಅಣ್ಣ ‘ಎ’, ನಾನು ‘ಓ’! ಇಬ್ಬರ ಕಾರ್ಡಿನ ಮೇಲೂ ಕೆ. ಆರ್. ಎಂದಷ್ಟೇ ಬರೆದಿತ್ತು, ಹಂಚಿಕೊಳ್ಳುವಾಗ ನಾವೇ ಅದಲುಬದಲು ಮಾಡಿಕೊಂಡಿದ್ದೆವು.

ಸಿಡಿಯುತ್ತಾನೆಂದು ಹೆದರಿ, ಆಪರೇಷನ್ ಮುಗಿದ ಮೇಲೆ ಹೇಳಿದೆ. ಅವನು ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ನಕ್ಕ.

“ಲೋ, ಐದು ವರ್ಷ ನಿನ್ ಓಟಾನ ನಾನ್ ಓಡಿದೀನಿ. ಇನ್ಮೇಲೆ ನಿಂದು ನೀನೇ ಓಡ್ಕೋ ಮಗಾ.”

ಹೂಂ ಅಂದೆ. ಓಡಲಿಲ್ಲ. ಹೊಲಿಗೆ ಮಾಗಿದ ಮೇಲೆ ಅವನೇ ಮತ್ತೆ ಅದೇ ಕಾರ್ಡಿನೊಂದಿಗೆ ಬೂಟು ಹಾಕಿದ. “ಅವ್ವಂಗೆ ಹೇಳ್ಬೇಡ. ಓಡಿದ್ರೆ ತಣ್ಣಗಿರ್ತೀನಿ ಅಂತ ನಂಬ್ಕೊಂಡವ್ಳೆ.”

ಇವತ್ತು ಬೆಳಿಗ್ಗೆ ಆ ಬೂಟಿನ ತುದಿಗೆ ಪೇಪರ್ ತುರುಕಿ ಹಾಕಿಕೊಂಡೆ. ನನಗೆ ಒಂದು ನಂಬರು ದೊಡ್ಡದು. ಕಾರ್ಡು ತೆಗೆಯಲಿಲ್ಲ. ಅದು ನನ್ನದೇ ತಾನೆ. ಹುಣಸೆಮರ ಈಗಿಲ್ಲ. ಅದಿದ್ದ ಜಾಗದವರೆಗೆ ಓಡಿ, ಮಂಡಿ ಹಿಡಿದು ನಿಂತೆ. ತಿರುಗಿ ನೋಡಿದೆ: ದೂರದಲ್ಲಿ ಸೈಕಲ್ಲು, ಕ್ಯಾರಿಯರ್‌ಗೆ ಸಿಕ್ಕಿಸಿದ ನನ್ನ ಅಂಗಿ, ಕಾಯುವವರು ಯಾರೂ ಇಲ್ಲ.

ವಾಪಸ್ಸೂ ಓಡಿಯೇ ಬಂದೆ.