ಹಳೆಯದೂ ಅಲ್ಲದ, ಹೊಸದೂ ಅಲ್ಲದ ಗಾಡಿ

ನಮ್ಮ ಕ್ಲಬ್ಬಿನ ಬೋರ್ಡು ಮಧುಗಿರಿಯ ನಮ್ಮ ಅಂಗಡಿಯ ಷಟರಿನ ಮೇಲೇ ಇದೆ. ‘ಹಳೆಯ ಗಾಡಿಗೂ ಹೊಸ ಗಾಡಿಗೂ ಸ್ವಾಗತ’ ಎಂದು ಕೆಂಪು ಅಕ್ಷರದಲ್ಲಿ ಬರೆಸಿದ್ದಾರೆ. ಅಂಗಡಿ ಎಂದರೆ ಮೋಟಾರ್ ಸೈಕಲ್ಲಿನ ಸ್ಪೇರ್ ಪಾರ್ಟ್ಸ್ ಅಂಗಡಿ. ಒಳಗೆ ಕೌಂಟರಿನಲ್ಲಿ ನಾನು, ಹೊರಗೆ ಹೊಂಗೆ ಮರದ ಕೆಳಗೆ ಸ್ಪ್ಯಾನರ್ ಹಿಡಿದು ನಮ್ಮ ಯಜಮಾನರು. ಭಾನುವಾರ ಬೆಳಿಗ್ಗೆ ಆರಕ್ಕೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹನ್ನೆರಡು ಗಾಡಿಗಳು ಅಲ್ಲಿ ಸೇರುತ್ತವೆ. ಸೇರಿ, ತಂತಮ್ಮ ಸದ್ದು ಮಾಡಿ, ಬೀದಿಯವರ ಭಾನುವಾರದ ನಿದ್ದೆಯನ್ನು ಹಾಳುಮಾಡಿ, ಏಳೂವರೆಗೆ ಹೊರಡುತ್ತವೆ.

ಆ ಒಂದೂವರೆ ಗಂಟೆ ಏನು ಮಾಡುತ್ತಾರೆ ಎಂದು ಕೇಳಿದರೆ ನನ್ನ ಹತ್ತಿರ ಲೆಕ್ಕವಿದೆ. ಹಳೆಯ ಗಾಡಿಯವರು ಕಿಕ್ ಹೊಡೆಯುತ್ತಾರೆ. ಅದು ಬರೀ ಕಿಕ್ಕಲ್ಲ, ಮುನಿಸಿಕೊಂಡ ಮಾವನವರನ್ನು ಊಟಕ್ಕೆ ಎಬ್ಬಿಸಿದ ಹಾಗೆ. ಮೊದಲು ಸವರುವುದು, ಆಮೇಲೆ ಮೆಲ್ಲಗೆ ಒತ್ತುವುದು, ಕಿವಿಗೊಟ್ಟು ಕೇಳುವುದು, ಕೊನೆಗೆ ಬೈಯುವುದು. ಹೊಸ ಗಾಡಿಯವರದು ಬಟನ್ ಒತ್ತಿದರೆ ಮುಗಿಯಿತು. ಆದ್ದರಿಂದ ಅವರು ಆ ಹೊತ್ತನ್ನೆಲ್ಲ ಬಟ್ಟೆಗೆ ಕೊಡುತ್ತಾರೆ. ಮೊಣಕಾಲಿಗೆ ಕವಚ, ಮೊಣಕೈಗೆ ಕವಚ, ಗ್ಲೌಸು, ಹೆಲ್ಮೆಟ್ಟಿನ ಮೇಲೆ ಕ್ಯಾಮೆರಾ. ಇಷ್ಟೆಲ್ಲ ಕಟ್ಟಿಕೊಂಡು ಕೊರಟಗೆರೆಗೆ ಹೋಗಿ ತಟ್ಟೆ ಇಡ್ಲಿ ತಿಂದು ಬರುತ್ತಾರೆ.

ಇದನ್ನೆಲ್ಲ ಬರೆದಿಡುವುದು ನನ್ನ ಕೆಲಸ. ಯಾರು ಬಂದರು, ಯಾವ ಗಾಡಿ, ಎಲ್ಲಿ ನಿಂತರು, ಯಾವುದರ ಕ್ಲಚ್ ಕೇಬಲ್ ಕಿತ್ತುಹೋಯಿತು, ಯಾರು ಯಾರ ಮೇಲೆ ಮುನಿಸಿಕೊಂಡರು, ಎಲ್ಲವೂ ನನ್ನ ಪುಸ್ತಕದಲ್ಲಿದೆ. ನಾನು ಈ ಕ್ಲಬ್ಬಿನ ಕಾರ್ಯದರ್ಶಿ. ಮೊದಲ ಐದು ವರ್ಷ ಬರೀ ಕಾರ್ಯದರ್ಶಿ. ಸದಸ್ಯೆಯಾಗಿರಲಿಲ್ಲ.

ಇದು ಹೇಗೆಂದರೆ, ಕ್ಲಬ್ಬು ಶುರುವಾದ ದಿನ ನಿಯಮಗಳನ್ನು ನಮ್ಮ ಕೌಂಟರಿನ ಮೇಲೇ ಬರೆದದ್ದು. ಹೇಳಿದವರು ಅಧ್ಯಕ್ಷರು, ಬರೆದವಳು ನಾನು. ಅಧ್ಯಕ್ಷರದು ಊರಲ್ಲಿ ಒಂದು ಮದುವೆ ಛತ್ರವಿದೆ. ನಿಂತರೂ ಕೂತರೂ ಎಲ್ಲರೂ ತಮ್ಮ ಊಟಕ್ಕೇ ಬಂದವರು ಎನ್ನುವ ಮುಖ. ಅವರ ಪಕ್ಕದಲ್ಲಿ ಕೊರಟಗೆರೆಯ ನಿವೃತ್ತ ಪೋಸ್ಟ್ ಮಾಸ್ತರರಿದ್ದರು. ಕ್ಲಬ್ಬಿನಲ್ಲಿ ಎಲ್ಲಕ್ಕಿಂತ ಹಳೆಯ ಗಾಡಿ ಅವರದು. ಹಳೆಯ ಗಾಡಿ ಎಂದರೆ ಯಾವುದು ಎಂದು ಚರ್ಚೆಯಾಯಿತು. ಇಪ್ಪತ್ತೈದು ವರ್ಷ ದಾಟಿದ್ದು, ಎಂದರು ಮಾಸ್ತರರು. ಹೊಸದು ಎಂದರೆ? ಐದು ವರ್ಷದೊಳಗಿನದು, ಎಂದರು ಅಧ್ಯಕ್ಷರು. ಅವರ ಗಾಡಿ ಷೋರೂಮಿನಿಂದ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ.

“ನಡುವಿನ ಗಾಡಿಗಳು ಅಣ್ಣ?” ಎಂದು ಪೆನ್ನು ಹಿಡಿದೇ ಕೇಳಿದೆ. ನನ್ನದು ಆಗ ಏಳು ವರ್ಷದ ಗಾಡಿ. ನೂರು ಸಿ.ಸಿ.ಯದು, ಕಪ್ಪು ಬಣ್ಣ, ಎರಡೂ ಕಡೆ ಹಾಲಿನ ಕ್ಯಾನಿಗೆ ಕೊಕ್ಕೆ.

“ಅವು ಗಾಡಿಗಳಲ್ಲ ಕಣಮ್ಮ,” ಎಂದರು ಅಧ್ಯಕ್ಷರು. “ಅವು ಓಡಾಡಕ್ಕಿರೋವು.”

ಎಲ್ಲರೂ ನಕ್ಕರು. ನಾನೂ ನಕ್ಕು, ಅವರು ಹೇಳಿದ್ದನ್ನು ದುಂಡಗೆ ಬರೆದೆ. ಕಾರ್ಯದರ್ಶಿಗೆ ಗಾಡಿ ಬೇಕಿಲ್ಲ, ಬರವಣಿಗೆ ಚೆನ್ನಾಗಿದ್ದರೆ ಸಾಕು ಎಂದೂ ಆವತ್ತೇ ತೀರ್ಮಾನವಾಯಿತು.

ನಮ್ಮ ಯಜಮಾನರಿಗೆ ಸೊಂಟದ ನೋವು, ದೂರದ ಸವಾರಿ ಆಗದು. ಹೀಗಾಗಿ ರಿಪೇರಿ ಚೀಲ ನನ್ನ ಪಾಲಿಗೆ ಬಂತು. ಪ್ಲಗ್ಗು ಬಿಚ್ಚುವುದು, ಕೇಬಲ್ ಹಾಕುವುದು, ಪಂಕ್ಚರ್ ತಿದ್ದುವುದು ಅವರಿಂದಲೇ ಕಲಿತೆ. ಸಾಲಾಗಿ ಹನ್ನೆರಡು ಗಾಡಿ ಮುಂದೆ. ಸಾಲಿಗೆ ಸೇರದೆ, ನೂರು ಗಜ ಬಿಟ್ಟು, ಸೀರೆ ಸೆರಗು ಸಿಕ್ಕಿಸಿಕೊಂಡು ನಾನು ಹಿಂದೆ. ಕ್ಲಬ್ಬಿನ ಸಾಲಿನಲ್ಲಿ ಓಡಬೇಕಾದರೆ ನಂಬರು ಬೇಕು, ಹಿತ್ತಾಳೆ ಬಿಲ್ಲೆ ಬೇಕು. ಆ ಬಿಲ್ಲೆಗಳನ್ನು ತುಮಕೂರಿನಿಂದ ತರಿಸಿ, ಬ್ರಾಸೋ ಹಾಕಿ ತಿಕ್ಕಿ ಒಬ್ಬೊಬ್ಬರಿಗೆ ಕೊಟ್ಟವಳೂ ನಾನೇ. ಒಂದು ಬಿಲ್ಲೆ ನನ್ನ ಗಾಡಿಗೂ ಇರಲಿ ಎಂಬ ಆಸೆ ಇತ್ತು. ಸಣ್ಣ ಆಸೆಯೇ, ಆದರೆ ಬಿಡುವ ಆಸೆಯಲ್ಲ.

ಎರಡು ಸಲ ಕೇಳಿದೆ. ಮೊದಲನೇ ಸಲ ಅಧ್ಯಕ್ಷರು, “ನೋಡಾನ ಬುಡಮ್ಮ” ಎಂದರು. ಎರಡನೇ ಸಲ, “ನಿಂದು ಹಳೇದಾಗ್ಲಿ ತಡಿ, ಇನ್ನೇನು ಹದಿನಾಲ್ಕು ವರ್ಷ” ಎಂದರು. ಹದಿನಾಲ್ಕು ವರ್ಷ ವನವಾಸಕ್ಕೆ ಸರಿಹೋಗುತ್ತದೆ ಎಂದು ಯಾರೋ ಹಿಂದಿನಿಂದ ಸೇರಿಸಿದರು. ಅದೂ ಪುಸ್ತಕದಲ್ಲಿದೆ.

ಮೂರನೇ ಸಲ ಬಾಯಲ್ಲಿ ಕೇಳಲಿಲ್ಲ. ಅರ್ಜಿ ಬರೆದೆ. ಹೋದ ವರ್ಷ ದಸರೆ ಕಳೆದ ಮೇಲಿನ ಒಂದು ಭಾನುವಾರ, ಎಲ್ಲರೂ ಸೇರಿದ್ದಾಗ, ಅರ್ಜಿಯನ್ನು ಅಧ್ಯಕ್ಷರ ಕೈಗೆ ಕೊಟ್ಟೆ. ಅವರು ಗ್ಲೌಸು ಬಿಚ್ಚದೆ ಓದಿದರು.

“ನಿಯಮ ಅಂದ್ರೆ ನಿಯಮ ಕಣಮ್ಮ. ನೀನೇ ಬರ್ದಿರೋದು. ಐದು ವರ್ಷ ದಾಟಿದ್ಮೇಲೆ ಅದು ಹೊಸದಲ್ಲ, ಇಪ್ಪತ್ತೈದಾಗೋ ಗಂಟ ಹಳೇದಲ್ಲ. ಒಬ್ರಿಗ್ ಬುಟ್ರೆ ನಾಳೆ ಹಾಲ್ನೋರು, ಪೇಪರ್ನೋರು ಎಲ್ಲ ಬತ್ತಾರೆ.”

“ಸರಿ ಅಣ್ಣ,” ಎಂದೆ. “ಹಂಗಾದ್ರೆ ಎಲ್ಲಾರ್ದೂ ಒಂದ್ಸಲ ನೋಡ್ಬುಡಾನ.”

ಪುಸ್ತಕದ ಕೊನೆಯ ಹಾಳೆಗಳಲ್ಲಿ ಎಲ್ಲರ ಆರ್.ಸಿ. ತಾರೀಕು ಬರೆದಿಟ್ಟಿದ್ದೆ. ಇನ್ಷೂರೆನ್ಸು ನೆನಪಿಸಲು ಬರೆದಿದ್ದು, ಬೇರೆ ಉದ್ದೇಶವಿರಲಿಲ್ಲ. ಇರಲಿಲ್ಲ ಎಂದೇ ಇಟ್ಟುಕೊಳ್ಳಿ. ಒಂದೊಂದಾಗಿ ಓದಿದೆ. ಹಳೆಯ ಗಾಡಿಗಳು ನಾಲ್ಕು, ಸರಿ. ಹೊಸ ಗಾಡಿಗಳು ಎಂಟು. ಅದರಲ್ಲಿ ಶಿರಾದ ಕೊಬ್ಬರಿ ವ್ಯಾಪಾರಿಯದು ಮೂರು ವರ್ಷದ್ದು, ಅದೂ ಸರಿ. ಉಳಿದ ಏಳೂ ಕ್ಲಬ್ಬು ಶುರುವಾದ ಹುಮ್ಮಸ್ಸಿನಲ್ಲಿ ಒಂದೇ ಕಾಲಕ್ಕೆ ಕೊಂಡವು. ಏಳೂ ಐದು ವರ್ಷ ದಾಟಿದ್ದವು. ಎಲ್ಲರಿಗಿಂತ ಮೊದಲು ದಾಟಿದ್ದು ಅಧ್ಯಕ್ಷರ ಗಾಡಿ.

ಎಂಜಿನ್ನುಗಳು ಒಂದೊಂದಾಗಿ ಆಫ್ ಆದವು. ನಮ್ಮ ಬೀದಿಯಲ್ಲಿ ಭಾನುವಾರ ಬೆಳಿಗ್ಗೆ ಅಷ್ಟು ನಿಶ್ಶಬ್ದವನ್ನು ನಾನು ಕೇಳಿರಲಿಲ್ಲ.

“ಹೊಸದು ಅನ್ನೋದು ವರ್ಷದ ಲೆಕ್ಕ ಅಲ್ಲ,” ಎಂದರು ಅಧ್ಯಕ್ಷರು. “ಅದೊಂದು ಭಾವನೆ.”

“ಭಾವನೆಗೆ ಆರ್.ಸಿ. ಐತೇನ್ರೀ?” ಎಂದರು ಪೋಸ್ಟ್ ಮಾಸ್ತರರು. ಅವರಿಗೆ ನಿಯಮವೆಂದರೆ ಬಿಸಿ ಬಿಸಿ ಕಡಲೆಕಾಯಿ ಇದ್ದ ಹಾಗೆ, ಕೈಗೆ ಸಿಕ್ಕರೆ ಮುಗಿಯುವ ತನಕ ಬಿಡರು. ಪುಸ್ತಕ ಕಿತ್ತುಕೊಂಡು, ಕನ್ನಡಕ ಏರಿಸಿ, ಮುಂದಿನದನ್ನು ಅವರೇ ಓದಿದರು. ನಿಯಮ ಬದಲಿಸಬೇಕಾದರೆ ಎಂಟು ಜನ ಸದಸ್ಯರು ಹಾಜರಿರಬೇಕು. “ಈಗ ಸದಸ್ಯರು ಅಂತ ಇರೋರು ನಾವು ಐದು ಜನ. ಬಾಕಿಯವರು ಸಾರ್ವಜನಿಕರು. ಸಾರ್ವಜನಿಕರು ಸ್ವಲ್ಪ ಆಚೆ ನಿಂತ್ಕೊಳ್ರಪ್ಪ.”

ಶಿರಾದವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಅರೆ, ಹೊಸ ಗಾಡಿಯೋರಲ್ಲಿ ನಾನೊಬ್ನೇ ಉಳ್ಕೊಂಡ್ನಾ? ಮಜಾ ಐತೆ ಬುಡಿ. ಅಕ್ಕಾ, ಇವತ್ತು ನಮ್ ಕಡೆ ಸಭೆ ನಾನೊಬ್ನೇ ಮಾಡ್ಕಂತೀನಿ.”

“ಲೇ, ಸುಮ್ನಿರ್ಲಾ,” ಎಂದರು ಅಧ್ಯಕ್ಷರು. ಅವರ ಕತ್ತು ಕೆಂಪಾಗಿತ್ತು. ನನ್ನ ಕಡೆ ತಿರುಗಿ ದನಿ ಇಳಿಸಿದರು. “ತಾರೀಕು ತಾನೆ, ಒಂಚೂರು ತಿದ್ದಮ್ಮ. ಯಾರ್ ನೋಡ್ತಾರೆ?”

“ನಾನು ನೋಡ್ತೀನಲ್ಲಣ್ಣ.”

ಇನ್ನು ಉಳಿದದ್ದು ಒಂದೇ ದಾರಿ ಎಂದು ಮಾಸ್ತರರೇ ಹುಡುಕಿ ಕೊಟ್ಟರು. ಕ್ಲಬ್ಬನ್ನು ಬರಖಾಸ್ತು ಮಾಡಿ, ಅಲ್ಲೇ ನಿಂತ ಮೆಟ್ಟಿನಲ್ಲಿ ಇನ್ನೊಂದು ಕ್ಲಬ್ಬು ಮಾಡುವುದು. ಬರಖಾಸ್ತಿಗೆ ಎಂಟು ಜನ ಬೇಕಿಲ್ಲ, ಮೊದಲ ದಿನ ಸಹಿ ಹಾಕಿದ ಮೂವರು ಸಾಕು. ಮೂವರು ಎಂದರೆ ಅಧ್ಯಕ್ಷರು, ಮಾಸ್ತರರು, ಬರೆದವಳು ಎಂದು ನಾನು.

ಇಬ್ಬರೂ ಸಹಿ ಹಾಕಿ ಪೆನ್ನು ನನ್ನ ಕಡೆ ನೀಡಿದರು. ನಾನು ತೆಗೆದುಕೊಳ್ಳಲಿಲ್ಲ. ಆಗಷ್ಟೇ ಬಂದ ಗಿರಾಕಿಯೊಬ್ಬರಿಗೆ ಬ್ರೇಕ್ ಶೂ ತೋರಿಸಿ, ಚೀಟಿ ಬರೆದು ಕಳಿಸಿದೆ. ಹನ್ನೆರಡು ಜನ ಗಂಡಸರು ಕವಚ ಕಟ್ಟಿಕೊಂಡು ಬಿಸಿಲಲ್ಲಿ ಕಾದರು. ಅವಸರ ನನಗಿರಲಿಲ್ಲ.

“ಗೌರವ ಸದಸ್ಯೆ ಮಾಡಾನ ಕಣಮ್ಮ ನಿನ್ನ,” ಎಂದರು ಅಧ್ಯಕ್ಷರು. “ಹಾರ, ಶಾಲು, ಎಲ್ಲ ಹಾಕ್ಸಾನ. ನಮ್ ಛತ್ರದಲ್ಲೇ.”

“ಗೌರವ ಬ್ಯಾಡ ಅಣ್ಣ. ನಂಬರ್ ಬೇಕು.”

“ನಿಮ್ಮೆಜಮಾನ್ರನ್ನ ಒಂದ್ ಮಾತು ಕೇಳು ಮತ್ತೆ.”

ಮರದ ಕೆಳಗೆ ಕಾರ್ಬೊರೇಟರ್ ತೊಳೆಯುತ್ತಿದ್ದ ನಮ್ಮ ಯಜಮಾನರು ತಲೆ ಎತ್ತಲಿಲ್ಲ. “ನನ್ನೇನ್ ಕೇಳ್ತೀರಣ್ಣ? ಐದು ವರ್ಷದಿಂದ ನಿಮ್ ಗಾಡಿಗಳ್ನೆಲ್ಲ ಮನೆ ಮುಟ್ಸಿರೋಳು ಅವ್ಳು. ನಾನೇನು ಪಿಲಿಯನ್ನಾಗೂ ಬಂದಿಲ್ಲ,” ಎಂದರು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅವರು ನನ್ನ ಪರವಾಗಿ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಅದೇ ಮೊದಲು. ಮತ್ತೆ ಇನ್ನೂ ಆಡಿಲ್ಲ.

ಒಂದನೇ ನಿಯಮವನ್ನು ಹೊಸದಾಗಿ ಬರೆಯಬೇಕು, ಆಮೇಲೆ ಸಹಿ ಎಂದೆ. ‘ಸ್ಟಾರ್ಟ್ ಆಗಿ ಊರು ಮುಟ್ಟಿಸುವ ಯಾವುದೇ ಮೋಟಾರ್ ಸೈಕಲ್ಲು’ ಎಂದು ಬರೆದೆ. ಈಗ ಮಾಸ್ತರರು ಗಾಬರಿಯಾದರು. ಅವರ ಗಾಡಿ ಊರು ಮುಟ್ಟಿಸಿದ್ದಕ್ಕಿಂತ ಮಧ್ಯದಲ್ಲಿ ನಿಲ್ಲಿಸಿದ್ದೇ ಹೆಚ್ಚು. ಐ.ಡಿ.ಹಳ್ಳಿಯ ಹತ್ತಿರ ಒಂದು ಹುಣಸೆ ಮರವಿದೆ, ಅದರ ನೆರಳಿನ ಗುರುತು ಆ ಗಾಡಿಗೆ ಕೊರಟಗೆರೆಗಿಂತ ಚೆನ್ನಾಗಿದೆ. “ಊರು ಮುಟ್ಟಿಸೋದು ತೆಗೆದುಬಿಡಮ್ಮ, ಸ್ಟಾರ್ಟ್ ಆದ್ರೆ ಸಾಕು,” ಎಂದು ಬೇಡಿಕೊಂಡರು. ತೆಗೆದೆ. ಸಹಿ ಹಾಕಿದೆ. ಐದು ವರ್ಷದ ಕ್ಲಬ್ಬು ಒಂಬತ್ತು ಗಂಟೆಗೆ ಮುಗಿದು, ಒಂಬತ್ತೂಕಾಲಿಗೆ ಬೇರೆ ಹಾಳೆಯಲ್ಲಿ ಶುರುವಾಯಿತು.

ಶುರುವಾದ ಮೇಲೆ ಎಲ್ಲರೂ ಹೊಸಬರೇ ತಾನೆ, ನೋಂದಣಿ ಆಗಬೇಕು. ಆರ್.ಸಿ., ಲೈಸೆನ್ಸು, ಇನ್ಷೂರೆನ್ಸು, ಹೊಗೆ ಸರ್ಟಿಫಿಕೇಟು ತನ್ನಿ, ತಂದ ಕ್ರಮದಲ್ಲಿ ನಂಬರು ಎಂದೆ. ಮೂರು ಸಾವಿರದ ಗ್ಲೌಸು ಹಾಕಿದವರ ಹತ್ತಿರ ಹೊಗೆ ಸರ್ಟಿಫಿಕೇಟಿರಲಿಲ್ಲ. ಕ್ಯಾಮೆರಾ ಇದ್ದವರಿಗೆ ಇನ್ಷೂರೆನ್ಸು ಮುಗಿದು ಹೋಗಿತ್ತು. ನಾಲ್ಕೂ ಕಾಗದ ಪೂರ್ತಿ ಇದ್ದದ್ದು ಆ ಓಡಾಡಕ್ಕಿರೋ ಗಾಡಿಗೆ ಮಾತ್ರ. ಒಂದನೇ ನಂಬರು ಬರೆದುಕೊಂಡೆ.

ವಾರವೆಲ್ಲ ಒಬ್ಬೊಬ್ಬರಾಗಿ ಬಂದರು. ಅಧ್ಯಕ್ಷರು ಮಾತ್ರ, ಯಾರಾದರೂ ಬಂದು ಕರೆಯಲಿ ಎಂದು ಛತ್ರದಲ್ಲಿ ಶನಿವಾರದವರೆಗೆ ಕಾದರು. ಯಾರೂ ಹೋಗಲಿಲ್ಲ. ಕೊನೆಗೆ ತಾವೇ ಬಂದು ಕಾಗದಗಳನ್ನು ಕೌಂಟರಿನ ಮೇಲಿಟ್ಟು, ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತರು. ಅವರ ನಂಬರು ಹದಿಮೂರು.

ಸಾಲು ನಂಬರಿನ ಪ್ರಕಾರ ಹೋಗಬೇಕೆನ್ನುವುದು ಅವರೇ ಹಿಂದೆ ಮಾಡಿದ ಪದ್ಧತಿ. ಒಂದನೇ ನಂಬರು ತಮ್ಮದಾಗಿದ್ದಾಗ ಅದು ಅವರಿಗೆ ಬಹಳ ಹಿಡಿಸಿತ್ತು. ಮರುದಿನ ಪಾವಗಡ ದಾಟಿ ಬಲಸಮುದ್ರದ ತನಕ ಹೊರಟೆವು. ಮುಂದೆ ನಾನು, ಗಂಟೆಗೆ ನಲವತ್ತೈದು ಕಿಲೋಮೀಟರ್. ನನ್ನ ಹಿಂದೆ ದೊಡ್ಡ ದೊಡ್ಡ ಎಂಜಿನ್ನುಗಳು ಮೂರನೇ ಗೇರಿನಲ್ಲಿ ಹಲ್ಲು ಕಡಿಯುತ್ತಿದ್ದವು. ಎದುರಿಗೆ ಯಾರ ಬೆನ್ನೂ ಇರಲಿಲ್ಲ. ಆ ರಸ್ತೆಯಲ್ಲಿ ಎಷ್ಟೋ ಸಲ ಹೋಗಿದ್ದೆ, ಅಷ್ಟು ಅಗಲವಿದೆ ಎಂದು ಗೊತ್ತಿರಲಿಲ್ಲ. ಎರಡೂ ಕಡೆ ಸೋಲಾರ್ ಫಲಕಗಳು ಶುರುವಾದಾಗ, ಹಿಂದಿನಿಂದ ಒಬ್ಬರು ಹಾರ್ನ್ ಹೊಡೆದು ಅವಸರ ತೋರಿಸಿದರು. ಯಾರೆಂದು ಸದ್ದಿನಲ್ಲೇ ಗೊತ್ತಾಯಿತು. ನಲವತ್ತಕ್ಕೆ ಇಳಿಸಿದೆ.

ಬಲಸಮುದ್ರದಲ್ಲಿ ಒಂದು ಟೀ ಅಂಗಡಿ. ನಡೆಸುವುದು ಅರವತ್ತರ ಒಬ್ಬ ಹೆಂಗಸು. ಅಧ್ಯಕ್ಷರು ಎಲ್ಲರಿಗಿಂತ ಕೊನೆಗೆ ಬಂದು, ಎಲ್ಲರಿಗಿಂತ ಮೊದಲು ಕೂಗಿದರು: “ಹನ್ನೆರಡು ಟೀ ಕಣಮ್ಮ!”

ಆಕೆ ಲೋಟ ಜೋಡಿಸುತ್ತ ನಮ್ಮನ್ನೆಲ್ಲ ಬೆರಳಿಟ್ಟು ತೆಲುಗಿನಲ್ಲಿ ಎಣಿಸಿದಳು. “ಪದಮೂಡು ಮಂದಿ ಉನ್ನಾರು ಕದಪ್ಪಾ. ಹದಿಮೂರು. ಈಯಮ್ಮ ನಿಮ್ಮೋಳಲ್ವಾ?”

ಎಲ್ಲರೂ ಅಧ್ಯಕ್ಷರ ಮುಖ ನೋಡಿದರು. ಅವರು ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿದರು, ಮತ್ತೆ ಹಾಕಿದರು, ಮತ್ತೆ ಬಿಚ್ಚಿದರು.

“ಮೆಂಬರ್ರು,” ಎಂದರು, ಕೆಟ್ಟ ಹಲ್ಲಿನಲ್ಲಿ ಕಲ್ಲು ಕಡಿದವರ ಹಾಗೆ.

“ಹಂಗಾದ್ರೆ ಆಯಮ್ಮಂಗೆ ಮೊದ್ಲು ಕೊಡ್ತೀನಿ,” ಎಂದು ಆಕೆ ಲೋಟ ನನ್ನ ಕೈಗಿಟ್ಟಳು. ಸಕ್ಕರೆ ಜಾಸ್ತಿಯಾಗಿತ್ತು. ಆದರೂ ಪೂರ್ತಿ ಕುಡಿದೆ.